ಆಟದ ನಡುವೆ ನಿಲ್ಲುವ ಗಣಕಯಂತ್ರ: ಕಾರಣಶೋಧನೆಯ ಇತಿಹಾಸದ ಒಂದು ಸಮೀಕ್ಷೆ

೧

ಗಣಕಯಂತ್ರದಲ್ಲಿ ಆಟವಾಡುತ್ತಿರುವಾಗ ಯಂತ್ರವು ಹಠಾತ್ತನೆ ನಿಂತುಹೋಗುವುದೂ, ಯಾವ ಮುನ್ಸೂಚನೆಯನ್ನೂ ಕೊಡದೆ ತಾನಾಗಿಯೇ ಮತ್ತೆ ಮೊದಲಿನಿಂದ ಹೊರಡುವುದೂ ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಅನುಭವಕ್ಕೆ ಬಂದಿರುವ ಸಂಗತಿ. ಇಂತಹ ವಿಷಯವು ಇತಿಹಾಸಕ್ಕೆ ಮೀಸಲಾದ ಸಂಚಿಕೆಯಲ್ಲಿ ಚರ್ಚೆಗೆ ಅರ್ಹವೇ ಎಂದು ವಾಚಕರು ಶಂಕಿಸಬಹುದು. ಆದರೆ ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು, ಅಳಿದುಳಿದ ಸಾಕ್ಷ್ಯದಿಂದ ನಡೆದುದನ್ನು ನಿರ್ಧರಿಸುವುದು ಇತಿಹಾಸಕಾರನ ನಿತ್ಯದ ಉದ್ಯೋಗ. ಯಂತ್ರದ ದೋಷವನ್ನು ಹುಡುಕುವವನದೂ ಅದೇ ಉದ್ಯೋಗ. ಇಬ್ಬರೂ ಎಡವುವ ಎಡೆಗಳು ಕೂಡ ಆಶ್ಚರ್ಯವೆನಿಸುವಷ್ಟು ಸಮಾನವಾಗಿವೆ.

ಈ ಲೇಖನಕ್ಕೆ ನಿಮಿತ್ತವಾದುದು ನಮ್ಮ ವಿದ್ಯಾರ್ಥಿಯೊಬ್ಬನ ಪ್ರಶ್ನೆ. ಅವನ ಯಂತ್ರವು ಬರೆಯುವಾಗ, ಓದುವಾಗ ಸರಿಯಾಗಿದ್ದು, ಆಟವಾಡುವಾಗ ಮಾತ್ರ ಕೆಲವು ಸಂಜೆ ತಾನಾಗಿ ಪುನರಾರಂಭವಾಗುತ್ತಿತ್ತು. ಮೊದಲು ಅವನು ಆಟವನ್ನು ದೂಷಿಸಿ ಅದನ್ನು ತೆಗೆದುಹಾಕಿದನು. ಬಳಿಕ ಗ್ರಾಫಿಕ್ಸ್ ಕಾರ್ಡನ್ನು ದೂಷಿಸಿ, ಮಕ್ಕಳಿಗೆ ಪಾಠ ಹೇಳಿ ಹಲವು ತಿಂಗಳು ಕೂಡಿಸಿದ ಹಣವನ್ನೆಲ್ಲ ಸುರಿದು ಹೊಸದನ್ನು ಕೊಂಡನು. ವ್ಯಾಧಿ ಮಾತ್ರ ಹೋಗಲಿಲ್ಲ. "ಇನ್ನು ಯಾವುದನ್ನು ಬದಲಾಯಿಸಲಿ ಸಾರ್?" ಎಂದು ಅವನು ಕೇಳಿದಾಗ, ಏನನ್ನು ಬದಲಾಯಿಸಬೇಕೆಂಬುದಕ್ಕಿಂತ ಮೊದಲು ಏನನ್ನು ತಿಳಿಯಬೇಕೆಂಬ ಪ್ರಶ್ನೆಯೇ ಮುಖ್ಯವೆಂದು ನಮಗೆ ತೋರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂತಹ ಪ್ರಸಂಗಕ್ಕಾಗಿಯೇ ಹುಟ್ಟಿದಂತಿದೆ.

ಗಣಕಯಂತ್ರಗಳ ಆದಿಕಾಲದಿಂದ ಈಚಿನವರೆಗೆ ಇಂತಹ ಆಕಸ್ಮಿಕ ಸ್ಥಗಿತಗಳ ಕಾರಣವನ್ನು ಜನರು ಹೇಗೆ ಹುಡುಕಿದರು, ಎಲ್ಲಿ ಎಡವಿದರು, ಎಡವಿದಾಗ ನಷ್ಟವನ್ನು ಯಾರು ಹೊತ್ತರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ. ನಮ್ಮ ಪ್ರತಿಪಾದನೆ ಇಷ್ಟು: ದೋಷವು ಕಾಣಿಸಿಕೊಳ್ಳುವ ಸ್ಥಾನವೂ ದೋಷವಿರುವ ಸ್ಥಾನವೂ ಅನೇಕ ವೇಳೆ ಬೇರೆ ಬೇರೆ. ಇವೆರಡನ್ನೂ ಒಂದೆಂದು ಬಗೆದಾಗಲೆಲ್ಲ ನಿರಪರಾಧಿಗೆ ದಂಡ ಬಿದ್ದಿದೆ. ಇವೆರಡನ್ನೂ ಬೇರ್ಪಡಿಸಲು ನೆರವಾದುದು ಯಾರದೋ ಪ್ರತಿಭೆಗಿಂತ ಹೆಚ್ಚಾಗಿ ತಾಳ್ಮೆಯಿಂದ ಬರೆದಿಟ್ಟ ದಾಖಲೆ.

ವಿಷಯವನ್ನು ಪ್ರವೇಶಿಸುವ ಮುನ್ನ ಮೂರು ಬಗೆಯ ಸ್ಥಗಿತಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಒಂದು, ಆಟವು ಮಾತ್ರ ಮುಚ್ಚಿಹೋಗಿ ಯಂತ್ರವು ಉಳಿದುಕೊಳ್ಳುವುದು. ಎರಡು, ಇಡೀ ವ್ಯವಸ್ಥೆಯೇ ನಿಂತು ಪರದೆಯ ಮೇಲೆ ದೋಷದ ಸಂಕೇತವೊಂದು ಮೂಡುವುದು. ಮೂರು, ಒಂದು ಮಾತೂ ಇಲ್ಲದೆ ಪರದೆ ಕಪ್ಪಾಗಿ ಯಂತ್ರವು ಮೊದಲಿನಿಂದ ಹೊರಡುವುದು. ಈ ಮೂರನ್ನೂ ಜನರು 'ಕ್ರ್ಯಾಶ್' ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಜ್ವರ, ಕೆಮ್ಮು, ಮೂರ್ಛೆಗಳಿಗೆ ಒಂದೇ ಹೆಸರಿಟ್ಟರೆ ವೈದ್ಯನ ಗತಿ ಏನಾದೀತೋ, ಇಲ್ಲಿ ಶೋಧಕನ ಗತಿಯೂ ಅದೇ.

೨

ಯಂತ್ರಗಳು ಹುಟ್ಟಿದಂದಿನಿಂದಲೇ ಕೆಡುತ್ತ ಬಂದಿವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನಿರ್ಮಾಣವಾಗಿ ೧೯೪೬ರ ಫೆಬ್ರವರಿಯಲ್ಲಿ ಲೋಕದ ಮುಂದೆ ಪ್ರದರ್ಶಿತವಾದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಗೆಗಳಿದ್ದವು. ಇಷ್ಟು ನಳಿಗೆಗಳಲ್ಲಿ ಯಾವುದಾದರೊಂದು ಸದಾ ಕೆಡುತ್ತಲೇ ಇರುವುದರಿಂದ ಯಂತ್ರವು ನಡೆಯುವುದೇ ಇಲ್ಲವೆಂದು ಶಂಕಿಸಿದವರು ಇದ್ದರು. ಅದರ ಮುಖ್ಯ ಎಂಜಿನಿಯರರಾದ ಪ್ರೆಸ್ಪರ್ ಎಕರ್ಟ್ ನಳಿಗೆಗಳನ್ನು ಅವುಗಳ ಶಕ್ತಿಯ ಮೇರೆಗಿಂತ ಬಹಳ ಕೆಳಗೆ ದುಡಿಸಿ ಈ ಶಂಕೆಯನ್ನು ಪರಿಹರಿಸಿದರು. ಎರಡು ದಿನಕ್ಕೊಂದರಂತೆ ನಳಿಗೆ ಕೆಡುತ್ತಿತ್ತೆಂದೂ, ಕೆಟ್ಟುದನ್ನು ಹದಿನೈದು ನಿಮಿಷದೊಳಗೆ ಗುರುತಿಸಬಹುದಾಗಿತ್ತೆಂದೂ ಅವರು ಮುಂದೆ ನೆನೆದಿದ್ದಾರೆ. ೧೯೫೪ರಲ್ಲಿ ಆ ಯಂತ್ರವು ಒಮ್ಮೆ ೧೧೬ ಗಂಟೆಗಳ ಕಾಲ ಕೆಡದೆ ನಡೆಯಿತು. ಅದರ ದೀರ್ಘತಮ ಓಟ ಅದೇ.

ಇಲ್ಲಿ ನಮಗೆ ಎರಡು ಅಂಶಗಳು ಮುಖ್ಯ. ಮೊದಲನೆಯದು, ನಳಿಗೆಗಳು ಹೆಚ್ಚಾಗಿ ಕೆಡುತ್ತಿದ್ದುದು ದುಡಿಯುವಾಗಲ್ಲ, ಯಂತ್ರವನ್ನು ಹೊತ್ತಿಸುವಾಗ ಮತ್ತು ಆರಿಸುವಾಗ. ಕಾದು ತಣಿಯುವ ಎಳೆತವೇ ಅವುಗಳಿಗೆ ಮೃತ್ಯುವಾಗುತ್ತಿತ್ತು. ಆದುದರಿಂದ ಯಂತ್ರವನ್ನು ಆರಿಸದೆ ಇಡುವುದೇ ಕ್ಷೇಮವೆಂದು ಕಂಡುಬಂದಿತು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಅರುವತ್ತು ವರ್ಷಗಳ ಅನಂತರ ಇದೇ ವ್ಯಾಧಿಯನ್ನು ಬೇರೊಂದು ವೇಷದಲ್ಲಿ ಕಾಣುವುದಿದೆ. ಎರಡನೆಯದು, ಆ ಯಂತ್ರಕ್ಕೆ ಲೆಕ್ಕಗಳನ್ನು ಅಳವಡಿಸುತ್ತಿದ್ದ ಆರು ಮಂದಿ ಮಹಿಳೆಯರು ಅದರ ಒಳರಚನೆಯನ್ನು ನಕ್ಷೆಗಳಿಂದಲೇ ಕಲಿತು, ದೋಷವನ್ನು ಒಂದೊಂದು ನಳಿಗೆಯವರೆಗೂ ಬೆನ್ನಟ್ಟಿ ಹಿಡಿಯಬಲ್ಲವರಾಗಿದ್ದರು. ಕಾರಣಶೋಧನೆಯು ಯಂತ್ರನಿರ್ಮಾಣಕ್ಕೆ ಕಡಮೆಯಲ್ಲದ ವಿದ್ಯೆಯೆಂಬುದು ಅಂದೇ ಸಿದ್ಧವಾದಂತಾಯಿತು.

ಇನ್ನು 'ಬಗ್' ಎಂಬ ಮಾತಿನ ಕಥೆ. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-೨ ಯಂತ್ರದ ಎಫ್ ಫಲಕದ ೭೦ನೆಯ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಲಾಯಿತು. ಗ್ರೇಸ್ ಹಾಪರ್ ಅವರೇ ಇದನ್ನು ಕಂಡುಹಿಡಿದರೆಂದೂ, ಯಂತ್ರದ ದೋಷಕ್ಕೆ 'ಬಗ್' ಎಂಬ ಹೆಸರು ಇದರಿಂದಲೇ ಬಂದಿತೆಂದೂ ಪ್ರತೀತಿಯಿದೆ. ಇವೆರಡೂ ನಿಲ್ಲತಕ್ಕವಲ್ಲ. ಹಾಪರ್ ಆ ತಂಡದಲ್ಲಿದ್ದು ಕಥೆಯನ್ನು ಪ್ರಚಾರಕ್ಕೆ ತಂದವರು, ಪತಂಗವನ್ನು ಕಂಡವರಲ್ಲ. ಆ ಮಾತನ್ನು ಈ ಅರ್ಥದಲ್ಲಿ ಥಾಮಸ್ ಎಡಿಸನ್ ೧೮೭೮ರಷ್ಟು ಹಿಂದೆಯೇ ಬಳಸಿದ್ದರು. ಆದರೂ ಈ ಪ್ರಸಂಗಕ್ಕೆ ಒಂದು ಬೆಲೆಯುಂಟು. ವೇಳೆ, ಫಲಕ, ರಿಲೇ ಇವುಗಳನ್ನು ನಮೂದಿಸಿ ಸಾಕ್ಷ್ಯವನ್ನೇ ಪುಟಕ್ಕೆ ಅಂಟಿಸಿದ ಆ ದಿನಚರಿ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಶಾಸನಗಳಲ್ಲಿ ತಿಥಿ ವಾರ ನಕ್ಷತ್ರಗಳನ್ನು ಕೊರೆಯಿಸಿದವರಿಗೆ ಇತಿಹಾಸಕಾರನು ಎಷ್ಟು ಋಣಿಯೋ, ಈ ದಿನಚರಿಯನ್ನು ಬರೆದವರಿಗೂ ಅಷ್ಟೇ ಋಣಿ.

೩

ಬರೆಯುವಾಗ, ಓದುವಾಗ ಕೆಡದ ಯಂತ್ರವು ಆಟವಾಡುವಾಗ ಮಾತ್ರ ಕೆಡುವುದೇಕೆ? ಆಟವೇ ಕೆಟ್ಟುದೆಂಬ ಉತ್ತರವು ಸುಲಭವಾಗಿ ಹೊಳೆಯುತ್ತದೆ. ಇತಿಹಾಸವು ಬೇರೆ ಉತ್ತರವನ್ನು ಸೂಚಿಸುತ್ತದೆ.

೧೯೬೨ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸಲ್ ಮತ್ತು ಅವರ ಗೆಳೆಯರು ಪಿಡಿಪಿ-೧ ಯಂತ್ರಕ್ಕಾಗಿ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ಎರಡು ನೌಕೆಗಳು ನಕ್ಷತ್ರವೊಂದರ ಸೆಳೆತದಲ್ಲಿ ಸುತ್ತುತ್ತ ಕಾದಾಡುವ ಈ ಆಟವು ಯಂತ್ರದ ಗಣಿತಶಕ್ತಿಯನ್ನೂ, ಸ್ಮೃತಿಯನ್ನೂ, ಪರದೆಯನ್ನೂ ಏಕಕಾಲದಲ್ಲಿ ದುಡಿಸುತ್ತಿತ್ತು. ಇದನ್ನು ಮನಗಂಡ ಆ ಯಂತ್ರದ ತಯಾರಕರು ಹೊಸ ಯಂತ್ರಗಳು ಸರಿಯಾಗಿವೆಯೇ ಎಂದು ನೋಡಲು ಇದೇ ಆಟವನ್ನು ಪರೀಕ್ಷೆಯಾಗಿ ಬಳಸಿದರು. ಎಂದರೆ, ಆಟವು ಆರಂಭದಿಂದಲೂ ಯಂತ್ರದ ಪರೀಕ್ಷಕ. ಅದು ರೋಗವನ್ನು ಉಂಟುಮಾಡುವುದಕ್ಕಿಂತ ಹೆಚ್ಚಾಗಿ ಅಡಗಿರುವ ರೋಗವನ್ನು ಹೊರಗೆಡಹುತ್ತದೆ.

ಆಟವು ಎಂದೂ ಅಪರಾಧಿಯಾಗದೆಂದು ಇದರ ಅರ್ಥವಲ್ಲ. ೧೯೮೦ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆ ಹೊರತಂದ 'ಪ್ಯಾಕ್-ಮ್ಯಾನ್' ಆಟದ ೨೫೬ನೆಯ ಹಂತದಲ್ಲಿ ಪರದೆಯ ಬಲ ಅರ್ಧ ಅರ್ಥಹೀನ ಚಿಹ್ನೆಗಳಿಂದ ತುಂಬಿ ಆಟ ಮುಂದುವರಿಯದಂತಾಗುತ್ತದೆ. ಹಂತವನ್ನು ಎಣಿಸುವ ಎಂಟು ಬಿಟ್ಟಿನ ಸ್ಥಾನದಲ್ಲಿ ೨೫೫ಕ್ಕಿಂತ ದೊಡ್ಡ ಸಂಖ್ಯೆಗೆ ಎಡೆಯಿಲ್ಲದಿರುವುದೇ ಇದಕ್ಕೆ ಮೂಲ. ಇಲ್ಲಿ ಗಮನಿಸಬೇಕಾದ ಲಕ್ಷಣವೆಂದರೆ ನಿಯತತ್ವ. ಯಾವ ಊರಿನ ಯಾವ ಯಂತ್ರವಾದರೂ ಅದೇ ಹಂತದಲ್ಲಿ ಅದೇ ರೀತಿ ಕೆಡುತ್ತದೆ. ಸಾಮಾನ್ಯವಾಗಿ ಆಟದ ದೋಷವು ಹೀಗೆ ಒಂದೇ ಎಡೆಯಲ್ಲಿ, ಎಲ್ಲರಿಗೂ ಕಾಣಿಸುತ್ತದೆ. ಯಂತ್ರದ ದೋಷವು ಒಂದೇ ಯಂತ್ರದಲ್ಲಿ, ಬೇರೆ ಬೇರೆ ಎಡೆಗಳಲ್ಲಿ, ಹೊತ್ತುಗೊತ್ತಿಲ್ಲದೆ ಕಾಣಿಸುತ್ತದೆ. ಇದಕ್ಕೆ ಅಪವಾದಗಳಿದ್ದರೂ ಶೋಧನೆಯ ಮೊದಲ ಕವಲುದಾರಿ ಇದೇ.

ಹೊತ್ತುಗೊತ್ತಿಲ್ಲದ ದೋಷವು ಎಷ್ಟು ಆಳದಲ್ಲಿರಬಹುದೆಂಬುದಕ್ಕೆ ೧೯೭೮ರ ಪ್ರಸಂಗ ನಿದರ್ಶನ. ಇಂಟೆಲ್ ಸಂಸ್ಥೆಯ ತಿಮೊತಿ ಮೇ ಮತ್ತು ಮರ್ರೆ ವುಡ್ಸ್ ಅವರು ಸ್ಮೃತಿಫಲಕಗಳಲ್ಲಿ ಆಗಾಗ ಒಂದು ಬಿಟ್ಟು ಅಕಾರಣವಾಗಿ ಬದಲಾಗುತ್ತಿದ್ದುದನ್ನು ಪರಿಶೀಲಿಸಿದರು. ಫಲಕವನ್ನು ಬದಲಾಯಿಸಿದರೂ ತೊಂದರೆ ನಿಲ್ಲುತ್ತಿರಲಿಲ್ಲ, ಹಳೆಯ ಫಲಕವನ್ನು ಪರೀಕ್ಷಿಸಿದರೆ ಅದು ಸರಿಯಾಗಿಯೇ ಇರುತ್ತಿತ್ತು. ಕೊನೆಗೆ, ಫಲಕದ ಪಿಂಗಾಣಿ ಹೊದಿಕೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿದ್ದ ಯುರೇನಿಯಂ ಮತ್ತು ಥೋರಿಯಂಗಳಿಂದ ಹೊರಡುವ ಆಲ್ಫಾ ಕಣಗಳೇ ಕಾರಣವೆಂದು ಅವರು ತೋರಿಸಿದರು. ಫಲಕವೂ ನಿರ್ದೋಷಿ, ಅದರಲ್ಲಿ ಓಡುತ್ತಿದ್ದ ಕ್ರಮವಿಧಿಯೂ ನಿರ್ದೋಷಿ. ದೋಷವಿದ್ದುದು ಯಾರೂ ಶಂಕಿಸದ ಹೊದಿಕೆಯಲ್ಲಿ.

೪

ಕಾರಣವು ಆಳದಲ್ಲಿರುವಾಗ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಆದರೆ ಯಂತ್ರಗಳು ಮನೆಮನೆಯನ್ನು ಹೊಕ್ಕ ಕಾಲಕ್ಕೆ ಸಾಕ್ಷ್ಯವು ಬಳಕೆದಾರನ ಕಣ್ಣಿಗೆ ಬೀಳುವುದು ಕಡಮೆಯಾಯಿತೆಂಬುದು ವಿಪರ್ಯಾಸ. ೧೯೯೩ರಲ್ಲಿ ಬಂದ ವಿಂಡೋಸ್ ಎನ್‌ಟಿ ವ್ಯವಸ್ಥೆಯು ತಾನು ಮುಂದುವರಿಯಲಾರದ ಸ್ಥಿತಿಯನ್ನು ತಲಪಿದಾಗ ನೀಲಿಯ ಪರದೆಯೊಂದರಲ್ಲಿ ಕಾರಣದ ಸಂಕೇತವನ್ನು ಬರೆದು ನಿಲ್ಲುತ್ತಿತ್ತು. ಜನರು ಈ ನೀಲಿಯ ಪರದೆಯನ್ನು ಹಾಸ್ಯಕ್ಕೆ ವಸ್ತುವಾಗಿಸಿದರು. ವಸ್ತುತಃ ಅದು ಯಂತ್ರದ ಮರಣಶಾಸನ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ, ಹೀಗೆ ನಿಂತ ಯಂತ್ರವು ತಾನಾಗಿಯೇ ಪುನರಾರಂಭವಾಗುವ ಏರ್ಪಾಡು ಸಹಜಸ್ಥಿತಿಯಾಗಿ ಜಾರಿಗೆ ಬಂದಿತು. ಬಳಕೆದಾರನ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡಿನಿಂದ ಪರದೆಯು ಓದುವುದರೊಳಗೆ ಮಾಯವಾಗತೊಡಗಿತು. ಸಕಾರಣವಾದ ಸ್ಥಗಿತವೂ ಆಟಗಾರನ ಕಣ್ಣಿಗೆ ಅಕಾರಣವಾದ ಪುನರಾರಂಭವಾಗಿ ಕಂಡಿತು. ೨೦೨೫ರಲ್ಲಿ ಆ ಪರದೆಯ ನೀಲಿ ಬಣ್ಣವೂ ಹೋಗಿ ಕಪ್ಪು ಬಂದಿತು.

ಸಾಕ್ಷ್ಯವು ಪೂರ್ಣವಾಗಿ ಅಳಿಯಲಿಲ್ಲವೆನ್ನಬೇಕು. ವಿಂಡೋಸಿನ 'ಈವೆಂಟ್ ವ್ಯೂಅರ್' ಎಂಬ ದಿನಚರಿಯಲ್ಲಿ ಇಂತಹ ಪ್ರತಿಯೊಂದು ಪ್ರಸಂಗದ ಬಳಿಕ 'ಕರ್ನಲ್-ಪವರ್ ೪೧' ಎಂಬ ನಮೂದು ಬೀಳುತ್ತದೆ. ಇದನ್ನು ಕಂಡೊಡನೆ ಅನೇಕರು ಪವರ್ ಸಪ್ಲೈ ಕೆಟ್ಟಿದೆಯೆಂದು ತೀರ್ಮಾನಿಸುವುದುಂಟು. ಇದು ಆಕರವನ್ನು ತಪ್ಪಾಗಿ ಓದುವುದಕ್ಕೆ ಉತ್ತಮ ನಿದರ್ಶನ. ಯಂತ್ರವು ಕ್ರಮವಾಗಿ ಮುಚ್ಚದೆ ಪುನರಾರಂಭವಾಯಿತೆಂಬುದನ್ನಷ್ಟೇ ಆ ನಮೂದು ಹೇಳುತ್ತದೆ. ರಾಜನೊಬ್ಬನು ಇಂತಹ ದಿನ ತೀರಿಕೊಂಡನೆಂದು ಹೇಳುವ ಶಾಸನವು ಅವನು ಯುದ್ಧದಲ್ಲಿ ಮಡಿದನೋ ವ್ಯಾಧಿಯಿಂದಲೋ ಎಂಬುದನ್ನು ಹೇಳದಿದ್ದರೆ ನಾವು ಅದನ್ನು ಊಹಿಸಿ ಸೇರಿಸುವಂತಿಲ್ಲ. ಇದಕ್ಕೆ ಪ್ರತಿಯಾಗಿ ಅದೇ ದಿನಚರಿಯಲ್ಲಿ 'ಹ್ವೀಯಾ-ಲಾಗರ್' ಎಂಬ ಹೆಸರಿನ ನಮೂದು ದೊರೆತರೆ, ಯಂತ್ರಾಂಗವೇ ತನ್ನ ದೋಷವನ್ನು ವರದಿಮಾಡಿದೆಯೆಂದು ತಿಳಿಯಬಹುದು. 'ಮಿನಿಡಂಪ್' ಎಂಬ ಕಡತವು ಉಳಿದಿದ್ದರೆ ಸ್ಥಗಿತದ ಕ್ಷಣದಲ್ಲಿ ಯಾವ ಡ್ರೈವರ್ ಕೆಲಸಮಾಡುತ್ತಿತ್ತೆಂಬುದು ತಿಳಿದೀತು. ಏನೂ ಉಳಿಯದಿದ್ದರೆ ಆ ಶೂನ್ಯವೂ ಒಂದು ಸಾಕ್ಷ್ಯ. ಬರೆಯುವಷ್ಟು ಕಾಲವೂ ಯಂತ್ರಕ್ಕೆ ದೊರೆಯಲಿಲ್ಲವೆಂದಮೇಲೆ ಶಂಕೆಯು ವಿದ್ಯುತ್ತು, ಶಾಖ, ಮದರ್‌ಬೋರ್ಡುಗಳ ಕಡೆಗೆ ತಿರುಗುತ್ತದೆ.

೫

ಇನ್ನು ಯಂತ್ರದ ಶರೀರದಲ್ಲಿಯೇ ಇದ್ದ ದೋಷಗಳ ಪ್ರಕರಣಗಳನ್ನು ನೋಡೋಣ. ಸುಮಾರು ೧೯೯೯ರಿಂದ ೨೦೦೭ರವರೆಗೆ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ, ಪವರ್ ಸಪ್ಲೈಗಳಲ್ಲಿ ವಿದ್ಯುತ್ತನ್ನು ಹದಗೊಳಿಸುವ ಕೆಪಾಸಿಟರುಗಳು ಅಕಾಲದಲ್ಲಿ ಉಬ್ಬಿ ಒಡೆದು ದ್ರವ ಸೋರತೊಡಗಿದವು. ಅವುಗಳೊಳಗಿನ ದ್ರಾವಣದ ಘಟನೆಯಲ್ಲಿಯೇ ಕೊರತೆಯಿತ್ತು. ಕದ್ದ ಸೂತ್ರವೊಂದನ್ನು ಅರ್ಧಂಬರ್ಧ ನಕಲುಮಾಡಿದುದೇ ಇದಕ್ಕೆ ಮೂಲವೆಂಬ ಕಥೆ ಬಹಳ ಪ್ರಸಿದ್ಧವಾದರೂ ಅದು ಸಿದ್ಧವಾದ ಸಂಗತಿಯಲ್ಲ. ಡೆಲ್ ಸಂಸ್ಥೆಯು ಇಂತಹ ಯಂತ್ರಗಳ ದುರಸ್ತಿಗಾಗಿ ೨೦೦೫ರಲ್ಲಿ ೩೦ ಕೋಟಿ ಡಾಲರುಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಅದೇ ೨೦೦೫ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ೩೬೦ ಆಟದ ಯಂತ್ರವು ಮಾರಾಟಕ್ಕೆ ಬಂದಿತು. ಕೆಲಕಾಲದಲ್ಲಿಯೇ ಸಾವಿರಾರು ಯಂತ್ರಗಳು ಮುಂಭಾಗದಲ್ಲಿ ಮೂರು ಕೆಂಪು ದೀಪಗಳನ್ನು ತೋರಿ ನಿಂತುಹೋದವು. ಆಟಗಾರರು ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಹೊತ್ತಿಸಿ ಕಾಯಿಸುವ ಮನೆಮದ್ದನ್ನು ಕಂಡುಕೊಂಡರು. ಒಮ್ಮೊಮ್ಮೆ ಯಂತ್ರವು ಎಚ್ಚರಗೊಳ್ಳುತ್ತಿದ್ದುದರಿಂದ ಮದ್ದು ಫಲಿಸಿತೆಂದು ಜನ ನಂಬಿದರು. ಕೆಲದಿನಗಳಲ್ಲಿ ಅದು ಮತ್ತೆ ಮಲಗುತ್ತಿತ್ತು. ೨೦೦೭ರ ಜುಲೈಯಲ್ಲಿ ಸಂಸ್ಥೆಯು ವಾರಂಟಿಯನ್ನು ಮೂರು ವರ್ಷಗಳಿಗೆ ವಿಸ್ತರಿಸಿ, ಅದರ ವೆಚ್ಚವಾಗಿ ನೂರು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಪ್ರಕಟಿಸಿತು. ಯಂತ್ರವನ್ನು ಹೊತ್ತಿಸಿ ಆರಿಸುವಾಗ ಕಾದು ತಣಿಯುವ ಎಳೆತದಿಂದ ಘಟಕಗಳೊಳಗಿನ ಸೂಕ್ಷ್ಮ ಸಂಪರ್ಕಗಳು ಬಿರಿಯುತ್ತಿದ್ದವೆಂದು ೨೦೨೧ರಲ್ಲಿ ಸಂಸ್ಥೆಯೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಅದರ ಎಂಜಿನಿಯರರು ವಿವರಿಸಿದ್ದಾರೆ. ಎನಿಯಾಕಿನ ನಳಿಗೆಗಳನ್ನು ಕೆಡಿಸಿದುದೂ ಇಂತಹ ಎಳೆತವೇ ಎಂಬುದನ್ನು ವಾಚಕರು ನೆನೆಯಬೇಕು. ಯಂತ್ರದ ಘಟಕಗಳು ಬದಲಾದರೂ ಅವುಗಳನ್ನು ಕೊಲ್ಲುವ ಕಾರಣವು ಬದಲಾಗಲಿಲ್ಲ.

ಮೂರನೆಯ ಪ್ರಕರಣ ೨೦೨೧ರದು. ಆ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯ 'ನ್ಯೂ ವರ್ಲ್ಡ್' ಆಟವು ಪರೀಕ್ಷಾರ್ಥವಾಗಿ ಹೊರಬಂದಾಗ ಕೆಲವರ ದುಬಾರಿ ಗ್ರಾಫಿಕ್ಸ್ ಕಾರ್ಡುಗಳು ಸತ್ತುಹೋದವು. ಆಟವು ಕಾರ್ಡನ್ನು ಕೊಂದಿತೆಂದು ಲೋಕವೆಲ್ಲ ಆರೋಪಿಸಿತು. ಅವುಗಳಲ್ಲಿ ಒಂದು ಭಾಗವನ್ನು ತಯಾರಿಸಿದ ಇವಿಜಿಎ ಸಂಸ್ಥೆಯು ಹಿಂದಿರುಗಿ ಬಂದ ಕಾರ್ಡುಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿ, ವಿದ್ಯುತ್ತನ್ನು ನಿಯಂತ್ರಿಸುವ ಭಾಗದ ಬೆಸುಗೆಯಲ್ಲಿ ಕೊರತೆಯಿದ್ದುದನ್ನು ಒಪ್ಪಿಕೊಂಡಿತು. ಆಟವು ಕಾರ್ಡನ್ನು ಕಟುವಾಗಿ ದುಡಿಸಿದುದು ನಿಜ. ಬೆಸುಗೆ ಗಟ್ಟಿಯಾಗಿದ್ದ ಕಾರ್ಡುಗಳು ಆ ದುಡಿಮೆಯನ್ನು ತಾಳಿಕೊಂಡುದೂ ಅಷ್ಟೇ ನಿಜ.

೬

ಇವೆಲ್ಲಕ್ಕಿಂತ ಬೋಧಪ್ರದವಾದುದು ೨೦೨೨ರಿಂದ ೨೦೨೪ರವರೆಗೆ ನಡೆದ ಪ್ರಸಂಗ. ೨೦೨೨ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ೧೩ನೆಯ ಪೀಳಿಗೆಯ ಪ್ರೊಸೆಸರುಗಳೂ, ೨೦೨೩ರ ಅಕ್ಟೋಬರಿನಲ್ಲಿ ೧೪ನೆಯ ಪೀಳಿಗೆಯವೂ ಹೊರಬಂದವು. ಇವುಗಳ ಮೇಲ್ದರ್ಜೆಯ ಮಾದರಿಗಳನ್ನು ಕೊಂಡ ಆಟಗಾರರಿಗೆ ವಿಚಿತ್ರವಾದ ತೊಂದರೆಯೊಂದು ಎದುರಾಯಿತು. ಅನ್‌ರಿಯಲ್ ಎಂಜಿನ್ನಿನಿಂದ ರಚಿತವಾದ ಆಟಗಳು ಆರಂಭದಲ್ಲಿಯೇ ನಿಂತು, ಗ್ರಾಫಿಕ್ಸ್ ಕಾರ್ಡಿನ ಸ್ಮೃತಿ ಸಾಲದೆಂಬ ಸಂದೇಶವನ್ನು ತೋರುತ್ತಿದ್ದವು. ಕಾರ್ಡಿನಲ್ಲಿ ಬೇಕಾದಷ್ಟು ಸ್ಮೃತಿಯಿರುತ್ತಿತ್ತು. ಸಂದೇಶವನ್ನು ನಂಬಿದವರು ಕಾರ್ಡನ್ನು ಶಂಕಿಸಿದರು, ಡ್ರೈವರನ್ನು ಬದಲಾಯಿಸಿದರು, ಆಟದ ರಚನಾಕಾರರಿಗೆ ದೂರಿತ್ತರು.

ನಿಜಸ್ಥಿತಿ ಬೇರೆಯಾಗಿತ್ತು. ಆಟವು ಆರಂಭದಲ್ಲಿ ಅಡಕಮಾಡಿಟ್ಟ ದತ್ತಾಂಶವನ್ನು ಬಿಡಿಸುವ ಕೆಲಸವನ್ನು ಪ್ರೊಸೆಸರಿಗೆ ಒಪ್ಪಿಸುತ್ತದೆ. ಈ ಕೆಲಸದಲ್ಲಿ ಒಂದು ಬಿಟ್ಟು ತಪ್ಪಿದರೂ ಫಲ ಅಸಂಬದ್ಧವಾಗುತ್ತದೆ. ಪ್ರೊಸೆಸರು ತಪ್ಪು ಲೆಕ್ಕ ಮಾಡುತ್ತಿತ್ತು, ಕೆಟ್ಟ ಸುದ್ದಿಯನ್ನು ಹೇಳುವ ಪಾಡು ಮಾತ್ರ ಗ್ರಾಫಿಕ್ಸ್ ಭಾಗಕ್ಕೆ ಬರುತ್ತಿತ್ತು. ದತ್ತಾಂಶವನ್ನು ಬಿಡಿಸುವ 'ಊಡಲ್' ಎಂಬ ಸಾಧನವನ್ನು ರಚಿಸಿದ ರ್‍ಯಾಡ್ ಸಂಸ್ಥೆಯವರು ದೋಷವು ತಮ್ಮ ರಚನೆಯಲ್ಲಿಲ್ಲವೆಂದೂ, ಪ್ರೊಸೆಸರಿನ ವೇಗವನ್ನು ತುಸು ತಗ್ಗಿಸಿದರೆ ಅದು ಕಾಣಿಸದೆಂದೂ ಪ್ರಕಟಿಸಿದರು. ೨೦೨೪ರ ಏಪ್ರಿಲಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳ ತಯಾರಕರಾದ ಎನ್ವಿಡಿಯಾ ಸಂಸ್ಥೆಯೂ ಇಂತಹ ಸಂದೇಶವನ್ನು ಕಂಡವರು ಇಂಟೆಲನ್ನು ವಿಚಾರಿಸಬೇಕೆಂದು ಸೂಚಿಸಿತು.

ಇಂಟೆಲ್ ಸಂಸ್ಥೆಯು ಮೊದಲು ಮದರ್‌ಬೋರ್ಡು ತಯಾರಕರು ವಿದ್ಯುತ್ತಿನ ಮಿತಿಗಳನ್ನು ಸಡಿಲಿಸಿದುದರತ್ತ ಬೆರಳು ತೋರಿತು. ಜೂನಿನಲ್ಲಿ ಮೈಕ್ರೋಕೋಡಿನ ಒಂದು ತಪ್ಪನ್ನು ಗುರುತಿಸಿ, ಅದು ಮೂಲಕಾರಣವಲ್ಲವೆಂದಿತು. ಜುಲೈಯಲ್ಲಿ, ಮೈಕ್ರೋಕೋಡಿನ ತಪ್ಪಿನಿಂದ ಪ್ರೊಸೆಸರು ಅವಶ್ಯಕತೆಗಿಂತ ಹೆಚ್ಚಿನ ವೋಲ್ಟೇಜನ್ನು ಕೇಳುತ್ತಿತ್ತೆಂದು ಒಪ್ಪಿಕೊಂಡಿತು. ೧೩ನೆಯ ಪೀಳಿಗೆಯ ಆರಂಭದ ಕೆಲವು ಪ್ರೊಸೆಸರುಗಳಲ್ಲಿ ತಯಾರಿಕೆಯ ಕಾಲದ ಉತ್ಕರ್ಷಣ ದೋಷವೊಂದು ಬೇರೆಯಾಗಿಯೇ ಇದ್ದುದೂ ಆಗ ತಿಳಿದುಬಂದಿತು. ಎರಡು ಕಾರಣಗಳು ಒಂದೇ ಲಕ್ಷಣದ ಹಿಂದೆ ಬೆರೆತಿದ್ದುದರಿಂದ ಗೊಂದಲ ಹೆಚ್ಚಿತ್ತು. ಆಗಸ್ಟಿನಲ್ಲಿ ವೋಲ್ಟೇಜಿಗೆ ಕಡಿವಾಣ ಹಾಕುವ ಹೊಸ ಮೈಕ್ರೋಕೋಡು ಬಂದಿತು. ವಾರಂಟಿಯು ಮೂರು ವರ್ಷಗಳಿಂದ ಐದಕ್ಕೆ ಏರಿತು. ಸೆಪ್ಟೆಂಬರಿನಲ್ಲಿ, ಪ್ರೊಸೆಸರಿನ ಅಂಗಗಳಿಗೆ ತಾಳ ಕೊಡುವ ಗಡಿಯಾರದ ಮಂಡಲವು ಹೆಚ್ಚಿನ ವೋಲ್ಟೇಜು ಮತ್ತು ಶಾಖದಿಂದ ಸವೆಯುತ್ತಿದ್ದುದೇ ಮೂಲಕಾರಣವೆಂದು ಸಂಸ್ಥೆ ಘೋಷಿಸಿತು.

ಮೊದಲ ಮಾರಾಟದಿಂದ ಈ ನಿರ್ಣಯದವರೆಗೆ ಹೆಚ್ಚುಕಡಮೆ ಎರಡು ವರ್ಷಗಳು ಸಂದಿದ್ದವು. ಆ ಎರಡು ವರ್ಷವೂ ತನ್ನ ಯಂತ್ರ ಕೆಟ್ಟಿದೆಯೆಂದು ಸಿದ್ಧಪಡಿಸುವ ಹೊಣೆ ಕೊಂಡವನ ಮೇಲೆಯೇ ಇದ್ದಿತು. ಹೊಸ ಮೈಕ್ರೋಕೋಡು ಮುಂದಿನ ಸವೆತವನ್ನು ತಡೆಯಬಲ್ಲುದೇ ಹೊರತು ಆಗಲೇ ಸವೆದುದನ್ನು ಸರಿಪಡಿಸಲಾರದು. ಕಾರಣವನ್ನು ತಡವಾಗಿ ತಿಳಿದುದರ ಬೆಲೆ ಇದು. ಆದರೂ ಸತ್ಯವು ಹೊರಬಂದಿತೆಂದರೆ, ಆಟದ ರಚನಾಕಾರರು ತಮಗೆ ಬಂದ ದೂರುಗಳಲ್ಲಿ ಪ್ರೊಸೆಸರಿನ ಹೆಸರನ್ನೂ ನಮೂದಿಸಿಟ್ಟುಕೊಂಡಿದ್ದುದು ಅದಕ್ಕೆ ದೊಡ್ಡ ಸಹಾಯವಾಯಿತು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ದೂರೂ ಒಬ್ಬ ಆಟಗಾರನ ದುರದೃಷ್ಟ. ಒಟ್ಟುಗೂಡಿಸಿದಾಗ ಎಲ್ಲವೂ ಒಂದೇ ಹೆಸರನ್ನು ಹೇಳುತ್ತಿದ್ದವು.

೭

ಮೇಲಣ ಪ್ರಕರಣಗಳಿಂದ ಶೋಧನೆಯ ಕ್ರಮವೊಂದನ್ನು ಕಡೆದು ತೆಗೆಯಬಹುದು. ನಮ್ಮ ತಾರ್ಕಿಕರು ಕಾರ್ಯಕಾರಣಭಾವವನ್ನು ನಿರ್ಣಯಿಸಲು ಅನ್ವಯ ಮತ್ತು ವ್ಯತಿರೇಕಗಳನ್ನು ಹೇಳಿದ್ದಾರೆ. ಇದು ಇದ್ದಾಗ ಅದು ಇರುವುದು ಅನ್ವಯ, ಇದು ಇಲ್ಲದಾಗ ಅದು ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲದೆ ಕಾರಣವು ಸಿದ್ಧವಾಗದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವುದು ಕಾಕತಾಳೀಯ. ಡ್ರೈವರನ್ನು ಬದಲಾಯಿಸಿದ ದಿನ ಯಂತ್ರವು ನಿಲ್ಲಲಿಲ್ಲವೆಂದು ಡ್ರೈವರೇ ಕಾರಣವೆನ್ನುವವನು ಕಾಕತಾಳೀಯಕ್ಕೆ ಶರಣಾದವನು.

ಮೊದಲು ಮಾಡಬೇಕಾದುದು ದಿನಚರಿ. ದಿನ, ವೇಳೆ, ಆಟದ ಹೆಸರು, ಆಗ ನಡೆಯುತ್ತಿದ್ದುದು, ಸ್ಥಗಿತದ ಬಗೆ, ಇಷ್ಟನ್ನು ಪ್ರತಿಸಾರಿ ಬರೆಯಬೇಕು. ತಾನಾಗಿ ಪುನರಾರಂಭವಾಗುವ ಏರ್ಪಾಡನ್ನು ತೆಗೆದುಹಾಕಿ, ಪರದೆಯ ಮರಣಶಾಸನವನ್ನು ಓದಲು ಅವಕಾಶ ಮಾಡಿಕೊಳ್ಳಬೇಕು. ಅನಂತರ ವೇಗವನ್ನು ಹೆಚ್ಚಿಸಲು ಮಾಡಿದ ಎಲ್ಲ ಮಾರ್ಪಾಡುಗಳನ್ನೂ ರದ್ದುಮಾಡಿ ಯಂತ್ರವನ್ನು ಮೂಲಸ್ಥಿತಿಗೆ ತರಬೇಕು. ಸ್ಮೃತಿಫಲಕಗಳಿಗೆ ಇರುವ 'ಎಕ್ಸ್‌ಎಂಪಿ' ಎಂಬ ವೇಗವರ್ಧನೆಯೂ ಇದರಲ್ಲಿ ಸೇರುತ್ತದೆ. ೧೯೯೪ರಿಂದ ಬಳಕೆಯಲ್ಲಿರುವ ಮೆಮ್‌ಟೆಸ್ಟ್-೮೬ ಎಂಬ ಪರೀಕ್ಷೆಯನ್ನು ರಾತ್ರಿಯೆಲ್ಲ ನಡೆಸಿ ಸ್ಮೃತಿಯನ್ನು ಪರಿಶೀಲಿಸಬಹುದು. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ತಿನ ಮಿತಿಯನ್ನು ತಗ್ಗಿಸಿದಾಗ ತೊಂದರೆ ನಿಂತರೆ ಕಾರ್ಡು ಅಥವಾ ಪವರ್ ಸಪ್ಲೈ ಶಂಕಾಸ್ಪದ. ಆಧುನಿಕ ಕಾರ್ಡುಗಳು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ತಮ್ಮ ನಿಗದಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಸೆಳೆಯುವುದರಿಂದ, ೨೦೨೨ರ ಎಟಿಎಕ್ಸ್ ೩.೦ ಮಾನಕವು ದೊಡ್ಡ ಪವರ್ ಸಪ್ಲೈಗಳು ೧೦೦ ಮೈಕ್ರೋಸೆಕೆಂಡುಗಳ ಕಾಲ ತಮ್ಮ ಶಕ್ತಿಯ ಇಮ್ಮಡಿಯನ್ನು ತಾಳಬೇಕೆಂದು ವಿಧಿಸಿತು. ಹಳೆಯ ಪವರ್ ಸಪ್ಲೈಗಳು ಇಂತಹ ಸೆಳೆತಕ್ಕೆ ಹೆದರಿ ತಮ್ಮನ್ನು ರಕ್ಷಿಸಿಕೊಳ್ಳಲು ಆರಿಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಬದಲಾಯಿಸಿದ ಮೇಲೆ ಸಾಕಷ್ಟು ಕಾಯುವುದು. ಸರಾಸರಿ ಮೂರು ದಿನಕ್ಕೊಮ್ಮೆ ಹೊತ್ತುಗೊತ್ತಿಲ್ಲದೆ ಬರುವ ದೋಷವು ಒಂದು ದಿನ ಬರಲಿಲ್ಲವೆಂದರೆ ಏನೂ ಸಿದ್ಧವಾಗದು. ಒಂಬತ್ತು ದಿನ ಬಾರದಿದ್ದರೆ, ಅದು ಬರಿಯ ಆಕಸ್ಮಿಕವಾಗಿರುವ ಸಂಭವ ನೂರಕ್ಕೆ ಐದರಷ್ಟು ಮಾತ್ರ.

ನಮ್ಮ ವಿದ್ಯಾರ್ಥಿಗೂ ನಾವು ಹೇಳಿದುದು ಇದನ್ನೇ. ಮೂರು ವಾರ ಅವನು ಬರೆದ ದಿನಚರಿಯಲ್ಲಿ ಆಟದ ಹೆಸರುಗಳು ಬೇರೆ ಬೇರೆಯಾಗಿದ್ದವು, ವೇಳೆ ಮಾತ್ರ ಸಂಜೆಯದು. ಆ ವೇಳೆಯನ್ನು ಅವನ ತಾಯಿ ಗುರುತಿಸಿದರು: ಬೀದಿಯ ದೀಪಗಳು ಆರುವ ಹೊತ್ತು ಅದು. ಮನೆಯಲ್ಲಿ ಇನ್ವರ್ಟರ್ ಇದ್ದುದರಿಂದ ಕರೆಂಟು ಹೋದುದು ದೀಪಕ್ಕೂ ಫ್ಯಾನಿಗೂ ತಿಳಿಯುತ್ತಿರಲಿಲ್ಲ. ಗಣಕಯಂತ್ರದ ಪವರ್ ಸಪ್ಲೈ ವಿದ್ಯುತ್ತಿಲ್ಲದೆ ತಾಳಿಕೊಳ್ಳುವುದು ಸುಮಾರು ೧೬-೧೭ ಮಿಲಿಸೆಕೆಂಡುಗಳು ಮಾತ್ರ. ಹೊರೆ ಹೆಚ್ಚಿದಷ್ಟೂ ಈ ಅವಧಿ ಕಿರಿದಾಗುತ್ತದೆ. ಬರೆಯುವಾಗಿನ ಲಘುವಾದ ಹೊರೆಯಲ್ಲಿ ಯಂತ್ರವು ಆ ಸಂಕ್ರಮಣವನ್ನು ದಾಟುತ್ತಿತ್ತು, ಆಟದ ಭಾರದಲ್ಲಿ ದಾಟಲಾರದೆ ಬೀಳುತ್ತಿತ್ತು. ಇನ್ವರ್ಟರಿನಲ್ಲಿ ಬೇಗನೆ ಬದಲಾಗುವ 'ಯುಪಿಎಸ್' ಕ್ರಮಕ್ಕೆ ಗುಂಡಿಯೊಂದನ್ನು ತಿರುಗಿಸಿದಮೇಲೆ ತೊಂದರೆ ನಿಂತಿತು. ವ್ಯತಿರೇಕವನ್ನು ನೋಡಲು ನಾವು ಅದನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಹೇಳಿದೆವು. ಎರಡನೆಯ ಸಂಜೆಯೇ ಯಂತ್ರವು ಬಿದ್ದಿತು. ಮೊದಲು ತೆಗೆದುಹಾಕಿದ ಆಟವೂ ಮಾರಿದ ಹಳೆಯ ಕಾರ್ಡೂ ನಿರ್ದೋಷಿಗಳಾಗಿದ್ದವು.

೮

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಯಂತ್ರದ ಸ್ಥಗಿತವು ಅಕಾರಣವೆಂದು ತೋರುವುದು ಸಾಕ್ಷ್ಯದ ಕೊರತೆಯಿಂದಲೇ ಹೊರತು ಕಾರಣದ ಕೊರತೆಯಿಂದಲ್ಲ. ಯಂತ್ರವು ನುಡಿಯುವ ಸಂದೇಶವು ಸಾಕ್ಷಿಯ ಹೇಳಿಕೆ, ನ್ಯಾಯಾಧೀಶನ ತೀರ್ಪಲ್ಲ. ಗ್ರಾಫಿಕ್ಸ್ ಸ್ಮೃತಿ ಸಾಲದೆಂದ ಆಟವು ಸುಳ್ಳನ್ನು ಹೇಳಲಿಲ್ಲ, ತನಗೆ ಕಂಡಷ್ಟನ್ನು ಹೇಳಿತು. ಯಾರು ಹತ್ತಿರದಲ್ಲಿದ್ದಾರೋ ಅವರನ್ನೇ ದೂಷಿಸುವ ಅಭ್ಯಾಸದಿಂದ ಹೊರೆಯು ಸಾಮಾನ್ಯವಾಗಿ ಬಡಬಳಕೆದಾರನ ಮೇಲೆ ಬೀಳುತ್ತದೆ, ಏಕೆಂದರೆ ಬದಲಾಯಿಸಿ ನೋಡುವ ಖರ್ಚು ಅವನದು, ಪ್ರೊಸೆಸರಿನ ಒಳಗನ್ನು ನೋಡುವ ಸಾಧನ ಅವನದಲ್ಲ. ಅವನ ಕೈಯಲ್ಲಿರುವ ಸಾಧನ ಒಂದೇ, ಬರೆದಿಡುವುದು. ೨೦೨೪ರಲ್ಲಿ ಬಲಿಷ್ಠವಾದ ಸಂಸ್ಥೆಯೊಂದು ಕಾರಣವನ್ನು ಒಪ್ಪಿಕೊಳ್ಳುವಂತೆ ಮಾಡಿದುದರಲ್ಲಿ ಇಂತಹ ಅಸಂಖ್ಯ ಬರವಣಿಗೆಗಳ ಪಾಲು ದೊಡ್ಡದು.

ಆಕರಗಳನ್ನು ವಿಮರ್ಶಿಸುವ ಶಿಸ್ತನ್ನು ನಾವು ತರಗತಿಗಳಲ್ಲಿ ಶಾಸನ, ಕಡತ, ಪ್ರವಾಸಕಥನಗಳನ್ನು ಮುಂದಿಟ್ಟುಕೊಂಡು ಕಲಿಸುತ್ತೇವೆ. ಅದೇ ಶಿಸ್ತು ವಿದ್ಯಾರ್ಥಿಯ ಮೇಜಿನ ಮೇಲಿರುವ ಯಂತ್ರಕ್ಕೂ ಸಲ್ಲುತ್ತದೆಂಬುದನ್ನು ಅವನಿಗೆ ತೋರಿಸಿಕೊಟ್ಟರೆ, ಶಾಸನದ ಪಾಠವೂ ಅವನಿಗೆ ಇನ್ನಷ್ಟು ನಾಟೀತೆಂದು ನಮ್ಮ ನಂಬಿಕೆ. ಆ ವಿದ್ಯಾರ್ಥಿಯು ತನ್ನ ಮೂರು ವಾರಗಳ ದಿನಚರಿಯನ್ನು ವಿಭಾಗಕ್ಕೆ ಕೊಟ್ಟಿದ್ದಾನೆ. ಕಾರಣನಿರ್ಣಯದ ಪಾಠಕ್ಕೆ ಅದನ್ನು ಉದಾಹರಣೆಯಾಗಿ ಬಳಸಬೇಕೆಂದಿದ್ದೇವೆ.